ನೀರಿನ ಬಾಟಲಿಯಿಂದ ಎಳೆದ ಉಸಿರು

ಹೋದ ದೀಪಾವಳಿಗೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನನ್ನ ತವರಿಗೆ ಹೋಗಿದ್ದೆವು. ಅಡಿಕೆ ಕೊಯ್ಲಿನ ಸಮಯ. ಅಂಗಳದಲ್ಲಿ ಸಿಪ್ಪೆ ರಾಶಿ, ಹಿತ್ತಲಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ. ಮನೆ ತುಂಬಾ ನೆಂಟರು. ಮಕ್ಕಳಿಗೆ ಅಂತ ಅಟ್ಟದಿಂದ ಹಳೇ ಹಾಸಿಗೆ ಇಳಿಸಿ ಹಾಸಿದ್ದರು.

ಮೂರನೇ ರಾತ್ರಿ, ಎರಡು ಗಂಟೆ ಇರಬೇಕು, ಒಂಬತ್ತು ವರ್ಷದ ಮಗಳು ನನ್ನ ಕೈ ಎಳೆದಳು. ಎದ್ದು ಕೂತು, ಎರಡೂ ಕೈ ಮಂಡಿ ಮೇಲೆ ಊರಿ ಮುಂದಕ್ಕೆ ಬಾಗಿದ್ದಳು. "ಅಮ್ಮಾ, ಉಸಿರು..." ಅಂದಳು. ಮುಂದಿನ ಮಾತು ಬರಲಿಲ್ಲ. ಲೈಟ್ ಹಾಕಿ ಅಂಗಿ ಎತ್ತಿ ನೋಡಿದೆ. ಒಂದೊಂದು ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗಿ ಗುಳಿ ಬೀಳುತ್ತಿತ್ತು. ಗಂಟಲ ಕೆಳಗೂ ಹಾಗೇ.

ಮಗಳಿಗೆ ಉಬ್ಬಸ. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ನೀಲಿ ಪಂಪು (ಇನ್ಹೇಲರ್) ಬ್ಯಾಗಲ್ಲಿತ್ತು. ಅದನ್ನು ಸಿಕ್ಕಿಸುವ ಸ್ಪೇಸರ್, ಅಂದರೆ ಔಷಧಿಯನ್ನು ಹಿಡಿದಿಟ್ಟು ನಿಧಾನವಾಗಿ ಎಳೆದುಕೊಳ್ಳಲು ಬಿಡುವ ಪ್ಲಾಸ್ಟಿಕ್ ಕೊಳವೆ, ಮಾತ್ರ ಬೆಂಗಳೂರಲ್ಲೇ ಉಳಿದಿತ್ತು. ನೇರವಾಗಿ ಬಾಯಿಗೆ ಒತ್ತಿದರೆ ಮುಕ್ಕಾಲು ಔಷಧಿ ನಾಲಿಗೆ ಮೇಲೇ ಹೋಗುತ್ತಿತ್ತು. ಆ ಏದುಸಿರಲ್ಲಿ ಮಗು ಸರಿಯಾಗಿ ಎಳೆದುಕೊಳ್ಳುವುದಾದರೂ ಹೇಗೆ?

ಅತ್ತಿಗೆ ನರ್ಸ್. "ಮಲಗಿಸಬೇಡ, ಕೂತೇ ಇರಲಿ" ಅಂದವರೇ ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ತಂದರು. ಪಂಪಿನ ಬಾಯಿ ಹಿಡಿಸುವಷ್ಟು ತೂತು ತಳದಲ್ಲಿ ಕೊರೆದು, ಪಂಪು ಸಿಕ್ಕಿಸಿ, ಗಾಳಿ ಸೋರದ ಹಾಗೆ ಟೇಪ್ ಸುತ್ತಿದರು. ಬಾಟಲಿಯ ಬಾಯಿ ಮಗಳ ತುಟಿಗೆ. ಅಲುಗಾಡಿಸಿ ಒಂದು ಒತ್ತು, ನಾಲ್ಕೈದು ಉಸಿರು. ಮತ್ತೆ ಒಂದು ಒತ್ತು. ಹೀಗೆ ಆರು ಸಲ. ಅಷ್ಟರಲ್ಲಿ ಅಣ್ಣ ಕಾರು ತೆಗೆದಿದ್ದ. 20 ನಿಮಿಷ ಆದಮೇಲೆ ದಾರಿಯಲ್ಲೇ ಇನ್ನೊಂದು ಸುತ್ತು.

ಆ ಬಾಟಲಿ ಅತ್ತಿಗೆಗೆ ಸುಮ್ನೆ ಹೊಳೆದದ್ದಲ್ಲ. ದಕ್ಷಿಣ ಆಫ್ರಿಕಾದ ವೈದ್ಯರು ಉಬ್ಬಸದ ಮಕ್ಕಳಿಗೆ ಇದನ್ನೇ ಕೊಟ್ಟು ನೋಡಿ 1999ರಲ್ಲೇ ಬರೆದಿದ್ದಾರೆ. ತೂತಿನ ಸುತ್ತ ಸರಿಯಾಗಿ ಮುಚ್ಚಿದ್ದರೆ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡುತ್ತದಂತೆ.

ಆಸ್ಪತ್ರೆಯಲ್ಲಿ ಆಕ್ಸಿಜನ್, ಔಷಧಿಯನ್ನು ಮಂಜಿನ ಹಾಗೆ ಮಾಡಿ ಕೊಡುವ ನೆಬ್ಯುಲೈಸರ್, ಸ್ಟಿರಾಯ್ಡ್ ಮಾತ್ರೆ. ಬೆಳಕು ಹರಿಯುವಾಗ ಮಗಳು "ಅಮ್ಮಾ, ನಂಗೆ ಹಸಿವು, ಇಡ್ಲಿ ಬೇಕು" ಅಂದಳು. ಪೂರ್ತಿ ಮಾತು, ಒಂದೇ ಉಸಿರಲ್ಲಿ. ನಾನು ಅತ್ತದ್ದು ಆಗ.

ಆಮೇಲೆ ಡಾಕ್ಟರ್ ಕೇಳಿದರು: "ಕಂದು ಪಂಪು ದಿನಾ ತಗೋತಿದ್ದಾಳಾ?"

ಇಲ್ಲ. ಆಗಸ್ಟ್‌ನಲ್ಲಿ ನಾನೇ ನಿಲ್ಲಿಸಿದ್ದೆ. ನಾಲ್ಕು ತಿಂಗಳು ಒಂದು ಕೆಮ್ಮೂ ಇರಲಿಲ್ಲ, ವಾಸಿಯಾಯಿತು ಅಂದುಕೊಂಡೆ. ಜೊತೆಗೆ ನನ್ನಮ್ಮನ ಭಯ: ಪಂಪು ಅಭ್ಯಾಸ ಆಗಿಬಿಡುತ್ತೆ, ಸಿರಪ್ ಕೊಡು ಅಂತ.

ಅಮ್ಮ ಪಕ್ಕದಲ್ಲೇ ಕೂತಿದ್ದರು. ಡಾಕ್ಟರ್ ಅವರಿಗೇ ಲೆಕ್ಕ ಹೇಳಿದರು. ನೀಲಿ ಪಂಪಿನಲ್ಲಿರುವುದು ಸಾಲ್ಬುಟಮಾಲ್, ಅದರದೇ ಸಿರಪ್ ಐದು ಎಂಎಲ್ ಕೊಟ್ಟರೆ 2 ಮಿಲಿಗ್ರಾಂ ಔಷಧಿ. ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅಂದರೆ ಒಂದು ಚಮಚ ಸಿರಪ್ 20 ಒತ್ತಿಗೆ ಸಮ. ಅದೂ ಹೊಟ್ಟೆಗಿಳಿದು, ರಕ್ತ ಸೇರಿ, ಮೈಯೆಲ್ಲ ಸುತ್ತಿ ಆಮೇಲೆ ಶ್ವಾಸಕೋಶಕ್ಕೆ. "ಹಾಗಾದ್ರೆ ಇದೇ ಕಮ್ಮಿ ಅಲ್ವಾ!" ಅಂದರು ಅಮ್ಮ.

ನನಗೆ ತಾಗಿದ್ದು ಆಮೇಲಿನ ಮಾತು. ಮಗು ಆಟ ಆಡಿಕೊಂಡಿರುವ ದಿನವೂ ಉಸಿರಿನ ಕೊಳವೆ ಒಳಗೆ ಸ್ವಲ್ಪ ಊದಿಕೊಂಡೇ ಇರಬಹುದು. ಆ ಊತ ಇಳಿಸುವುದು ಕಂದು ಪಂಪು. ನೀಲಿಯದು ಬಿಗಿದ ಸ್ನಾಯುವನ್ನು ಕೆಲವು ಗಂಟೆ ಸಡಿಲ ಮಾಡುತ್ತದೆ, ಊತದ ತಂಟೆಗೆ ಹೋಗುವುದಿಲ್ಲ. ಕಂದು ನಿಲ್ಲಿಸಿದ ಮೇಲೆ ಊತ ಸದ್ದಿಲ್ಲದೆ ಮರಳಿತ್ತು. ಹೊಗೆ, ಅಟ್ಟದ ಹಾಸಿಗೆಯ ಧೂಳಿನ ಹುಳ ಅದರ ಮೇಲೆ ಬಿದ್ದವು.

ಸೂಚನೆ ಎರಡು ದಿನದಿಂದ ಇತ್ತು. ಬೆಳಗಿನ ಜಾವದ ಒಣ ಕೆಮ್ಮು. ತೋಟದಿಂದ ಏರಿ ಬರುವಾಗ ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತದ್ದು. ನಾನು ಶುಂಠಿ ಕಷಾಯ ಕುಡಿಸಿ, ನೆಗಡಿ ಅಂದುಕೊಂಡು ಅಡುಗೆಮನೆಗೆ ಹೋಗಿದ್ದೆ.

ಈಗ ಕಂದು ಪಂಪು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸುವುದನ್ನು ಮಗಳೇ ನೆನಪಿಡುತ್ತಾಳೆ. ಯಾವ ಲಕ್ಷಣಕ್ಕೆ ಏನು ಮಾಡಬೇಕು ಅಂತ ಡಾಕ್ಟರ್ ಬರೆದುಕೊಟ್ಟ ಚೀಟಿಯ ಒಂದು ಪ್ರತಿ ಶಾಲೆಯಲ್ಲಿದೆ. ಇನ್ನೊಂದು ತವರಿನ ಅಡುಗೆಮನೆಯಲ್ಲಿ, ಹಾಲಿನ ಲೆಕ್ಕದ ಕ್ಯಾಲೆಂಡರ್ ಪಕ್ಕ. ಅಮ್ಮನೇ ಅಂಟಿಸಿದ್ದು.