ಫಾರ್ಮುಲಾ ಕೆಳಕ್ಕೆ ಎಳೆದರೆ ಸೊನ್ನೆ ಬರುತ್ತೆ, ಯಾಕೆ?

"ಮೊದಲ ಸಾಲಿನಲ್ಲಿ ಲೆಕ್ಕ ಸರಿಯಾಗಿ ಬಂತು. ಕೆಳಕ್ಕೆ ಎಳೆದರೆ ಎಲ್ಲ ಸೊನ್ನೆ. ಯಾಕೆ?" ಎಕ್ಸೆಲ್ ಕಲಿಯುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು.

ಹಾಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಎ ಕಾಲಂನಲ್ಲಿ ಹಾಲು ಹಾಕುವವರ ಹೆಸರು, ಬಿ ಕಾಲಂನಲ್ಲಿ ಲೀಟರ್. ಲೀಟರಿಗೆ 35 ರೂಪಾಯಿ ಅನ್ನುವ ದರ ಮಾತ್ರ ಇ1ರಲ್ಲಿ (ಇ ಕಾಲಂ, 1ನೇ ಸಾಲಿನ ಚೌಕ, ಅಂದರೆ ಸೆಲ್) ಇದೆ. ಸಿ2ರಲ್ಲಿ =ಬಿ2*ಇ1 ಅಂತ ಹಾಕಿದಿರಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ). 10 ಲೀಟರಿಗೆ 350 ಬಂತು. ಕೆಳಕ್ಕೆ ಎಳೆದಾಗ ಸಿ3ರಲ್ಲಿ ಅದು =ಬಿ3*ಇ2 ಆಯಿತು. ಬಿ3 ನಮಗೆ ಬೇಕಾಗಿದ್ದೇ. ಆದರೆ ಇ2 ಖಾಲಿ. ಖಾಲಿ ಸೆಲ್‌ನಿಂದ ಗುಣಿಸಿದರೆ ಸೊನ್ನೆ.

ಎಕ್ಸೆಲ್ ಇಲ್ಲಿ ಇ1 ಅನ್ನುವ ಹೆಸರನ್ನು ಹಿಡಿದುಕೊಂಡಿರುವುದಿಲ್ಲ. "ನನ್ನಿಂದ ಎರಡು ಕಾಲಂ ಬಲಕ್ಕೆ, ಒಂದು ಸಾಲು ಮೇಲಕ್ಕೆ" ಅನ್ನುವ ದಾರಿಯನ್ನು ಹಿಡಿದುಕೊಂಡಿರುತ್ತದೆ. ಫಾರ್ಮುಲಾ ಒಂದು ಸಾಲು ಇಳಿದರೆ ದಾರಿ ಮುಟ್ಟುವ ಜಾಗವೂ ಒಂದು ಸಾಲು ಇಳಿಯುತ್ತದೆ.

ಸೊನ್ನೆ ಬಂದರೆ ಪುಣ್ಯ, ಕಣ್ಣಿಗೆ ಬೀಳುತ್ತದೆ. ನನಗೆ ಭಯ ಇನ್ನೊಂದರದ್ದು. ಇ2ರಲ್ಲಿ ಸಾಗಣೆ ಖರ್ಚು ಅಂತ 2 ಬರೆದಿದ್ದರೆ, 10 ಲೀಟರ್ ಹಾಕಿದವರಿಗೆ 20 ರೂಪಾಯಿ ಅಂತ ಬರುತ್ತದೆ. ಎರರ್ ಏನೂ ತೋರಿಸುವುದಿಲ್ಲ. ಉದ್ದದ ಪಟ್ಟಿಯಲ್ಲಿ ಅದನ್ನು ಯಾರು ನೋಡುತ್ತಾರೆ?

=ಬಿ2*$ಇ$1 ಅಂತ ಬರೆಯಿರಿ, ಸರಿಹೋಗುತ್ತದೆ. ಅಕ್ಷರದ ಮುಂದಿನ ಡಾಲರ್ ಕಾಲಂ ಅನ್ನು ಕಟ್ಟಿಹಾಕುತ್ತದೆ, ಅಂಕಿಯ ಮುಂದಿನದು ಸಾಲನ್ನು. ಫಾರ್ಮುಲಾ ಬರೆಯುವಾಗ ಅದರೊಳಗಿನ ಇ1 ಮೇಲೆ ಕರ್ಸರ್ ಇಟ್ಟು ಎಫ್4 ಒತ್ತಿದರೆ ಡಾಲರ್ ತಾನೇ ಬರುತ್ತದೆ. ಮತ್ತೆ ಮತ್ತೆ ಒತ್ತಿದರೆ ನಾಲ್ಕೂ ರೂಪ ($ಇ$1, ಇ$1, $ಇ1, ಇ1) ಒಂದೊಂದಾಗಿ ಬರುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್ಎನ್ ಕೀ ಕೂಡ ಒತ್ತಬೇಕು.

ಒಂದೇ ಡಾಲರ್ ಯಾವಾಗ ಬೇಕು? ಮಗ್ಗಿ ಮಾಡಿ ನೋಡಿ. ಮೇಲಿನ ಸಾಲಿನಲ್ಲಿ ಬಿ1ರಿಂದ ಕೆ1ರವರೆಗೆ 1ರಿಂದ 10. ಎ ಕಾಲಂನಲ್ಲಿ ಎ2ರಿಂದ ಎ11ರವರೆಗೂ ಅದೇ. ಬಿ2ರಲ್ಲಿ =$ಎ2*ಬಿ$1. ಬಲಕ್ಕೆ ಎಳೆಯಿರಿ, ಆಮೇಲೆ ಕೆಳಕ್ಕೆ. ಒಂದೇ ಫಾರ್ಮುಲಾದಿಂದ 100 ಉತ್ತರ. ಕೊನೆಯ ಸೆಲ್‌ನಲ್ಲಿ =$ಎ11*ಕೆ$1 ಇರುತ್ತದೆ. ಎ ಅಲುಗಾಡಿಲ್ಲ, ಮೇಲಿನ 1 ಅಲುಗಾಡಿಲ್ಲ, ಮಿಕ್ಕಿದ್ದು ಜೊತೆಗೆ ನಡೆದಿದೆ. ಇದನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಬೇರೆ ಪಾಠವೇ ಬೇಕಾಗುವುದಿಲ್ಲ.

ಎಕ್ಸೆಲ್‌ಗಿಂತ ಮುಂಚೆ, 1979ರಲ್ಲಿ ಬಂದ ಅದೇ ಥರದ ಪ್ರೋಗ್ರಾಂ ವಿಸಿಕ್ಯಾಲ್ಕ್‌ನಲ್ಲಿ ಡಾಲರ್ ಇರಲಿಲ್ಲ. ಫಾರ್ಮುಲಾ ಕಾಪಿ ಮಾಡುವಾಗ ಒಂದೊಂದು ಸೆಲ್‌ಗೂ ಅದೇ ಕೇಳುತ್ತಿತ್ತು: ಇದು ಬದಲಾಗಬೇಕಾ, ಹಾಗೇ ಇರಬೇಕಾ? ಈಗ ಅದನ್ನು ಯಾರೂ ಕೇಳುವುದಿಲ್ಲ. ಎಳೆಯುವ ಮುಂಚೆ ನಾವೇ ಕೇಳಿಕೊಳ್ಳಬೇಕು.

ಇನ್ನೊಂದು ವಿಷಯ. ಮೇಲೆ ಹೊಸ ಸಾಲು ಸೇರಿಸಿದರೆ $ಇ$1 ತಾನಾಗಿ $ಇ$2 ಆಗುತ್ತದೆ. ಗಾಬರಿ ಬೇಡ. ದರವೇ ಕೆಳಕ್ಕೆ ಸರಿದಿದೆ ಅಲ್ವಾ, ಫಾರ್ಮುಲಾ ಅದರ ಹಿಂದೆ ಹೋಗಿದೆ. ಡಾಲರ್ ತಡೆಯುವುದು ಕಾಪಿ ಮಾಡುವಾಗಿನ ಬದಲಾವಣೆಯನ್ನು ಮಾತ್ರ.

ಅನುಮಾನ ಬಂದರೆ ಪಟ್ಟಿಯ ಕೊನೆಯ ಸಾಲಿನ ಸೆಲ್ ಮೇಲೆ ಡಬಲ್ ಕ್ಲಿಕ್ ಮಾಡಿ. ಫಾರ್ಮುಲಾ ಯಾವ ಸೆಲ್‌ಗಳನ್ನು ಓದುತ್ತಿದೆಯೋ ಅವುಗಳ ಸುತ್ತ ಬಣ್ಣದ ಗೆರೆ ಕಾಣುತ್ತದೆ. ಒಂದು ಗೆರೆ ದರದ ಮೇಲೆ ಇಲ್ಲದಿದ್ದರೆ, ಮೊದಲ ಸಾಲಿಗೆ ಹೋಗಿ ಡಾಲರ್ ಹಾಕಿ, ಮತ್ತೆ ಎಳೆಯಿರಿ.