ಜುಲೈ 2ರ ಚಾರ್ಟ್ ಎಲ್ಲಿವರೆಗೆ ಬಂತು

ಅಮೆರಿಕದ ಇತಿಹಾಸದಲ್ಲಿ ಒಂದೇ ಒಂದು ತಾರೀಕು ಹಿಡ್ಕೊಂಡು, ಬೇರೆ ಬೇರೆ ವರ್ಷಗಳಲ್ಲಿ ಆವತ್ತು ಏನೇನಾಯ್ತು ಅಂತ ಹಾಲ್ ಗೋಡೆ ಮೇಲೆ ಉದ್ದಕ್ಕೆ ಚಾರ್ಟ್ ಮಾಡ್ತಿದೀನಿ ಅಂದಿದ್ನಲ್ಲ, ಅದು ಈಗ ಒಂದು ರೂಪಕ್ಕೆ ಬಂದಿದೆ. ಜುಲೈ 4 ಬಿಟ್ಟು 2 ಯಾಕೆ ಅಂತ ಕೇಳೋರೇ ಜಾಸ್ತಿ. ಪಟಾಕಿ, ಪರೇಡು, ರಜೆ ಎಲ್ಲಾ 4ಕ್ಕೇ ಸರಿ, ಆದ್ರೆ ಬ್ರಿಟನ್ ಸಹವಾಸ ಸಾಕು ಅಂತ ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಪ್ರತಿನಿಧಿಗಳು ವೋಟ್ ಹಾಕಿದ್ದು 1776ರ ಜುಲೈ 2ಕ್ಕೆ, 4ನೇ ತಾರೀಕು ಪಾಸ್ ಮಾಡಿದ್ದು ಸ್ವಾತಂತ್ರ್ಯ ಘೋಷಣೆಯ ಒಕ್ಕಣೆನ. ಆ ಪ್ರತಿನಿಧಿಗಳಲ್ಲಿ ಒಬ್ಬನಾದ ಜಾನ್ ಆಡಮ್ಸ್ ವೋಟಿನ ಮಾರನೇ ದಿನ ಹೆಂಡ್ತಿ ಅಬಿಗೇಲ್‌ಗೆ ಕಾಗದ ಬರ್ದು, ಮುಂದಿನ ತಲೆಮಾರಿನವ್ರು ಜುಲೈ 2ನ್ನೇ ದೊಡ್ಡ ಹಬ್ಬ ಮಾಡ್ತಾರೆ, ಗಂಟೆ ಬಾರಿಸ್ತಾರೆ, ತೋಪು ಹಾರಿಸ್ತಾರೆ ಅಂದಿದ್ದ. ಹಬ್ಬದ ಬಗ್ಗೆ ಹೇಳಿದ್ದೆಲ್ಲ ನಿಜ ಆಯ್ತು, ತಾರೀಕು ಒಂದು ಬಿಟ್ಟು.

ಚಾರ್ಟ್‌ನ ಎಡ ತುದಿಗೆ ಆ ವೋಟು, ಅದ್ರ ಪಕ್ಕ ಸೀಸರ್ ರಾಡ್ನಿ. ಡೆಲವೇರ್ ವಸಾಹತಿನ ಕಡೆಯಿಂದ ಫಿಲಡೆಲ್ಫಿಯಾದಲ್ಲಿದ್ದ ಇಬ್ರಲ್ಲಿ ಒಬ್ಬ ಸೈ ಅಂದ್ರೆ ಇನ್ನೊಬ್ಬ ಬೇಡ ಅಂತಿದ್ದ, ಮೂರನೆಯವನಾದ ರಾಡ್ನಿ ಊರಲ್ಲಿದ್ದ, ಆಸ್ತಮಾ ಬೇರೆ, ಮುಖಕ್ಕೆ ಕ್ಯಾನ್ಸರ್ ಬೇರೆ, ಸುದ್ದಿ ಮುಟ್ಟಿದ ಕೂಡ್ಲೇ ಗುಡುಗು ಮಳೆಯಲ್ಲಿ ರಾತ್ರಿಯೆಲ್ಲಾ ಸುಮಾರು 80 ಮೈಲಿ ಬಂದು ವೋಟ್ ಹಾಕ್ದ. ಕೊನೆಗೆ 12 ವಸಾಹತುಗಳು ಸೈ ಅಂದ್ವು, ನ್ಯೂಯಾರ್ಕ್ ಮಾತ್ರ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ.

ಈ ಸಲದ ದೊಡ್ಡ ಕೆಲ್ಸ ಅಂದ್ರೆ ಕಿತ್ತು ಹಾಕಿದ್ದು. ಬರೀ ತಾರೀಕು ಮ್ಯಾಚ್ ಆಗೋದ್ರಲ್ಲಿ ಏನೂ ಇಲ್ಲ, ವರ್ಷಕ್ಕೆ 365 ದಿನ, ಯಾವ ದಿನ ಕೆದಕಿದ್ರೂ ಹತ್ತಿಪ್ಪತ್ತು ಘಟನೆ ಸಿಕ್ಕೇ ಸಿಗುತ್ತೆ. ಹಾಗಾಗಿ ಗೋಡೆ ಮೇಲಿನ ಇನ್ನೊಂದು ಘಟನೆಯ ಚೀಟಿಗೆ ಕೊಂಡಿ ಇದ್ರೆ ಮಾತ್ರ ಜಾಗ ಅಂತ ರೂಲ್ ಮಾಡ್ಕೊಂಡೆ. 1962ರಲ್ಲಿ ಅರ್ಕನ್ಸಾದ ರಾಜರ್ಸ್ ಊರಲ್ಲಿ ಮೊದಲ ವಾಲ್‌ಮಾರ್ಟ್ ಅಂಗಡಿ ತೆರೆದಿದ್ದು ಇದೇ ದಿನ, ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟನ್ನ 2018ರಲ್ಲಿ ಕೊಂಡ್ಕೊಂಡ ಅದೇ ವಾಲ್‌ಮಾರ್ಟು, ಆದ್ರೂ ಔಟ್. 1961ರಲ್ಲಿ ಕಾದಂಬರಿಕಾರ ಹೆಮಿಂಗ್ವೇ ಸತ್ತಿದ್ದೂ ಔಟ್.

1881 ಉಳೀತು. ವಾಷಿಂಗ್ಟನ್ ರೈಲ್ವೆ ಸ್ಟೇಷನ್ನಲ್ಲಿ ಪ್ರೆಸಿಡೆಂಟ್ ಗಾರ್ಫೀಲ್ಡ್‌ಗೆ ಚಾರ್ಲ್ಸ್ ಗಿಟೋ ಗುಂಡು ಹೊಡ್ದ, ಎಲೆಕ್ಷನ್ನಲ್ಲಿ ಪ್ರಚಾರ ಮಾಡಿದೀನಿ, ನಂಗೆ ಪ್ಯಾರಿಸ್‌ನಲ್ಲಿ ಕಾನ್ಸಲ್ ಹುದ್ದೆ ಕೊಡ್ಬೇಕಿತ್ತು ಅನ್ನೋದು ಅವ್ನ ಹಠ. ಡಾಕ್ಟರುಗಳು ತೊಳೀದ ಬೆರಳು ಗಾಯಕ್ಕೆ ಹಾಕಿ ಹಾಕಿ ಗುಂಡು ಹುಡುಕಿದ್ರು. ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಲೋಹ ಪತ್ತೆ ಮಾಡೋ ಮಷಿನ್ ತಂದ್ರೆ ಅದಕ್ಕೆ ಹಾಸಿಗೆ ಕೆಳಗಿನ ಸ್ಟೀಲ್ ತಂತಿ ಕಾಟ, ಸಾಲದ್ದಕ್ಕೆ ಮುಖ್ಯ ಡಾಕ್ಟರು ಬಲಗಡೆ ಮಾತ್ರ ನೋಡು ಅಂದ, ಗುಂಡು ಇದ್ದಿದ್ದು ಎಡಕ್ಕೆ. 79 ದಿನ ನರಳಿ ಸೆಪ್ಟೆಂಬರ್ 19ಕ್ಕೆ ತೀರ್ಕೊಂಡ್ರು. ಈ ಕೊಲೆ ಎಬ್ಬಿಸಿದ ಗದ್ದಲದಿಂದ 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂತು, ಕೆಲವು ಕೇಂದ್ರ ಸರ್ಕಾರಿ ನೌಕರಿಗೆ ವಶೀಲಿ ಹೋಗಿ ಪರೀಕ್ಷೆ ಶುರುವಾಯ್ತು.

ರೂಲ್ ಮುರಿದು ಇಟ್ಕೊಂಡಿದ್ದು 1937ರಲ್ಲಿ ವಿಮಾನದಲ್ಲಿ ಪ್ರಪಂಚ ಸುತ್ತೋಕೆ ಹೋಗಿ ಕಾಣೆಯಾದ ಪೈಲಟ್ ಅಮೀಲಿಯಾ ಇಯರ್‌ಹಾರ್ಟ್ ಒಂದನ್ನೇ. ನ್ಯೂಗಿನಿಯ ಲೇ ಊರಿಂದ ಜುಲೈ 2ರ ಬೆಳಿಗ್ಗೆ 10ಕ್ಕೆ ವಿಮಾನ ಏರಿದ್ಳು, ಜೊತೆಗೆ ನ್ಯಾವಿಗೇಟರ್ ಫ್ರೆಡ್ ನೂನನ್, ರಾತ್ರಿಯೆಲ್ಲಾ ಹಾರಿ ಹೌಲ್ಯಾಂಡ್ ದ್ವೀಪದ ಹತ್ರ ಕೊನೇ ರೇಡಿಯೋ ಮಾತು ಕೇಳಿಸಿದಾಗ ಅಲ್ಲಿ ಮತ್ತೆ ಜುಲೈ 2ರ ಬೆಳಿಗ್ಗೆ, ಯಾಕಂದ್ರೆ ಮಧ್ಯ ಅಂತಾರಾಷ್ಟ್ರೀಯ ದಿನರೇಖೆ ದಾಟಿದ್ರು. ಒಂದೇ ತಾರೀಕಿನ ಚಾರ್ಟ್ ಮಾಡ್ತಾ ಇದನ್ನ ಬಿಡೋಕಾಗುತ್ತಾ ಹೇಳಿ.

ಈಗ ಚೀಟಿಯಿಂದ ಚೀಟಿಗೆ ಕೊಂಡಿ ತೋರಿಸೋಕೆ ಕಟ್ಟಿದ ಕೆಂಪು ಉಲ್ಲನ್ ದಾರದ ವಿಷ್ಯ. 1908ರ ಜುಲೈ 2 ಥರ್ಗುಡ್ ಮಾರ್ಷಲ್ ಹುಟ್ಟಿದ್ದು, ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ಜಡ್ಜ್ ಆದ್ರು. 1925ರ ಜುಲೈ 2 ಕಪ್ಪು ಜನರ ಹಕ್ಕುಗಳಿಗೆ ಹೋರಾಡಿದ ಮೆಡ್ಗರ್ ಎವರ್ಸ್ ಹುಟ್ಟಿದ್ದು, 1963ರ ಜೂನ್‌ನಲ್ಲಿ ಮಿಸಿಸಿಪ್ಪಿಯ ಮನೆ ಎದುರೇ ಗುಂಡಿಟ್ಟು ಕೊಂದ್ರು. ಹುಟ್ಟುಹಬ್ಬಗಳನ್ನ ಸಾಮಾನ್ಯವಾಗಿ ಸೇರಿಸಲ್ಲ ನಾನು, ಆದ್ರೆ ಇವೆರಡೂ ದಾರ ನೇರ ಹೋಗಿ ಸೇರೋದು 1964ರ ಜುಲೈ 2ಕ್ಕೆ, ಆವತ್ತು ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ 289–126 ವೋಟಲ್ಲಿ ಪಾಸಾದ, ಬಣ್ಣ ಜನಾಂಗದ ಭೇದ ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಗೆ ಪ್ರೆಸಿಡೆಂಟ್ ಜಾನ್ಸನ್ ಅದೇ ಸಂಜೆ ಟಿವಿ ಮುಂದೆ 70ಕ್ಕೂ ಹೆಚ್ಚು ಪೆನ್ನು ಬದ್ಲಾಯಿಸಿ ಸೈನ್ ಹಾಕಿದ್ರು, ಒಂದು ಪೆನ್ನು ಮಾರ್ಟಿನ್ ಲೂಥರ್ ಕಿಂಗ್ ಕೈ ಸೇರ್ತು. ಎವರ್ಸ್ ಇದ್ದಿದ್ರೆ ಆವತ್ತಿಗೆ 39 ತುಂಬ್ತಿತ್ತು. ಅಲ್ಲಿಂದ ದಾರ 1976ರ ಜುಲೈ 2ಕ್ಕೆ: ಮರಣದಂಡನೆಗೆ ಸುಪ್ರೀಂ ಕೋರ್ಟ್ ಮತ್ತೆ ಅವಕಾಶ ಕೊಟ್ಟ ತೀರ್ಪು, ಮಾರ್ಷಲ್ ತಮ್ಮ 68ನೇ ಹುಟ್ಟುಹಬ್ಬದ ದಿನ ಅದಕ್ಕೆ ಭಿನ್ನಮತ ಬರೆದ್ರು.

ಇನ್ನೊಂದು ದಾರ ಹಳೇದು. 1776ರ ಅದೇ ಜುಲೈ 2ಕ್ಕೆ ನ್ಯೂಜೆರ್ಸಿ ಸಂವಿಧಾನ ಒಪ್ಕೊಂಡ್ರು, ಅದ್ರಲ್ಲಿ 50 ಪೌಂಡ್ ಆಸ್ತಿ ಇರೋ ನಿವಾಸಿಗಳಿಗೆಲ್ಲ ವೋಟು, ಗಂಡಸರು ಮಾತ್ರ ಅಂತ ಬರ್ದಿರ್ಲಿಲ್ಲ, ಮದ್ವೆಯಾಗದ ಹೆಂಗಸ್ರು, ವಿಧವೆಯರು ನಿಜವಾಗ್ಲೂ ವೋಟ್ ಹಾಕ್ತಿದ್ರು, 1807ರಲ್ಲಿ ಕಿತ್ಕೊಂಡ್ರು. 1964ರ ಕಾಯ್ದೆ ಕೆಲಸದಲ್ಲಿ ಹೆಣ್ಣು ಗಂಡು ಭೇದ ಮಾಡಬಾರ್ದು ಅಂತಲೂ ಹೇಳಿದ್ರಿಂದ ಈ ದಾರವೂ ಅಲ್ಲಿಗೇ ಕಟ್ದೆ.

ನಮ್ಮವ್ರ ಚೀಟಿ 1946ರದ್ದು. ಭಗತ್ ಸಿಂಗ್ ಥಿಂಡ್ ಅಮೆರಿಕ ಸೈನ್ಯದಲ್ಲಿದ್ದವ್ರು, ಆದ್ರೂ 1923ರಲ್ಲಿ ಸುಪ್ರೀಂ ಕೋರ್ಟು ನೀನು ಬಿಳಿಯನಲ್ಲ, ಪೌರತ್ವ ಇಲ್ಲ ಅಂತು. 1946ರ ಜುಲೈ 2ಕ್ಕೆ ಟ್ರೂಮನ್ ಸೈನ್ ಮಾಡಿದ ಲೂಸ್–ಸೆಲ್ಲರ್ ಕಾಯ್ದೆಯಿಂದ ಭಾರತೀಯರಿಗೆ ಪೌರತ್ವದ ಬಾಗಿಲು ತೆರೀತು, ವಲಸೆ ಕೋಟಾ ಮಾತ್ರ ವರ್ಷಕ್ಕೆ 100 ಜನ. ಇಡೀ ದೇಶಕ್ಕೆ ನೂರು! ಈಗ ಅಮೆರಿಕದ ಕನ್ನಡ ಕೂಟಗಳ ಒಂದು ‘ಅಕ್ಕ’ ಸಮ್ಮೇಳನಕ್ಕೇ ಸಾವಿರಾರು ಕನ್ನಡಿಗರು ಸೇರ್ತಾರೆ. ಈ ಕಾಯ್ದೆಯಡಿ 1949ರಲ್ಲಿ ಸಿಟಿಜನ್ ಆದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೇ ಗೆದ್ರು.

ಬಾಕಿ ಇರೋದು 1863, ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಯುದ್ಧದ ಎರಡನೇ ದಿನ. ಲಿಟಲ್ ರೌಂಡ್ ಟಾಪ್ ಗುಡ್ಡದ ಮೇಲೆ ಗುಂಡು ಖಾಲಿಯಾಗ್ತಾ ಬಂದ ಮೇನ್ ರಾಜ್ಯದ 20ನೇ ರೆಜಿಮೆಂಟ್ ಬಯೊನೆಟ್ ಹಿಡ್ದು ಇಳಿಜಾರಲ್ಲಿ ನುಗ್ಗಿದ್ದು ತೋರಿಸ್ಬೇಕಂದ್ರೆ ಮ್ಯಾಪ್ ಬೇಕೇ ಬೇಕು, ಎ4ನಲ್ಲಿ ಪ್ರಿಂಟ್ ತೆಗೆದ್ರೆ ಗುಡ್ಡದ ಗೆರೆಗಳೆಲ್ಲಾ ಅಂಟ್ಕೊಂಡು ಕಪ್ಪಾಗಿ ಕಾಣುತ್ತೆ, ಎ3 ಹಾಕಿದ್ರೆ ಗಾರ್ಫೀಲ್ಡ್ ಜಾಗ ಹೋಗುತ್ತೆ. ಸದ್ಯಕ್ಕೆ ಎ3 ಹಾಕಿ ಗಾರ್ಫೀಲ್ಡನ್ನ ಕೆಳಗಿನ ಸಾಲಿಗೆ ಇಳಿಸೋ ಪ್ಲಾನು.