ರೂಟರ್ ಟೇಬಲ್ಲಾ, ಸ್ಪಿಂಡಲ್ಲಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಾಸನ, ಚಿಕ್ಕಮಗಳೂರು ಕಡೆ ಹೊಸದಾಗಿ ಮರಗೆಲಸದ ಶೆಡ್ ಹಾಕುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಅಣ್ಣಾ, ರೂಟರ್ ಟೇಬಲ್ ಮಾಡಿಕೊಂಡರೆ ಸಾಕಾ, ಇಲ್ಲ ಸ್ಪಿಂಡಲ್ ಮೋಲ್ಡರೇ ತಗೊಳ್ಳಲಾ?’ ಕೇಳುವವರಲ್ಲಿ ಐಟಿಐ ಮುಗಿಸಿದ ಹುಡುಗರಿದ್ದಾರೆ. ಅಪ್ಪನ ಆಚಾರಿ ಕೆಲಸ ಮುಂದುವರಿಸುವವರಿದ್ದಾರೆ. ಸಕಲೇಶಪುರ, ಮೂಡಿಗೆರೆ ಕಡೆ ತಮ್ಮ ತೋಟದ ಸಿಲ್ವರ್ ಓಕ್ ಕುಯ್ಯಿಸಿ, ಒಣಗಿಸಿಟ್ಟು, ಮನೆಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳೋಣ ಅನ್ನುವವರೂ ಇದ್ದಾರೆ.

ನನ್ನ ಉತ್ತರ ಇಷ್ಟು. ಪವರ್ ಫೀಡರ್ (ಮರವನ್ನು ಕೈಯ ಬದಲು ತಾನೇ ಒಳಗೆ ತಳ್ಳುವ ಮಷೀನು) ಸಮೇತ ತಗೊಳ್ಳುವಷ್ಟು ದುಡ್ಡು, ಅದಕ್ಕೆ ತಕ್ಕಷ್ಟು ಕೆಲಸ, ಎರಡೂ ಇದ್ದರೆ ಸ್ಪಿಂಡಲ್ ತಗೊಳ್ಳಿ. ಎರಡರಲ್ಲಿ ಒಂದು ಇಲ್ಲದಿದ್ದರೂ ರೂಟರ್ ಟೇಬಲ್. ಫೀಡರ್ ಇಲ್ಲದ ಸ್ಪಿಂಡಲ್ ತಗೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ರೂಟರ್ ಅಂದರೆ ಬಿಟ್ ಅನ್ನುವ ಸಣ್ಣ ಅಲಗನ್ನು ತಿರುಗಿಸಿ ಮರ ಕೆತ್ತುವ ಮಷೀನು. ಕೈಯಲ್ಲಿ ಹಿಡಿಯುವ ಆ ರೂಟರನ್ನು ತಲೆಕೆಳಗಾಗಿ ಮೇಜಿನ ಕೆಳಗೆ ಕಟ್ಟಿ, ಬಿಟ್ ಮಾತ್ರ ಮೇಲೆ ಬರುವ ಹಾಗೆ ಮಾಡಿದರೆ ಅದೇ ರೂಟರ್ ಟೇಬಲ್. ಮರವನ್ನು ನಾವು ಬಿಟ್‌ಗೆ ತಳ್ಳುತ್ತೇವೆ. ಸ್ಪಿಂಡಲ್ ಮೋಲ್ಡರ್‌ನಲ್ಲೂ ಮೇಜಿನ ನಡುವಿನಿಂದಲೇ ಕಟರ್ ಏಳುತ್ತದೆ. ಆದರೆ ಅಲ್ಲಿರುವುದು ಸಾಮಾನ್ಯವಾಗಿ 30 ಮಿಮೀ ದಪ್ಪದ ಶಾಫ್ಟ್, 3ರಿಂದ 5 ಎಚ್‌ಪಿ ಮೋಟರ್, ಬೆಲ್ಟ್, ಪುಲ್ಲಿ, ಮೇಲೆ ಅಂಗೈ ಅಗಲದ ಕಟರ್ ಬ್ಲಾಕ್. ರೂಟರ್ ನಿಮಿಷಕ್ಕೆ 20 ಸಾವಿರ ಸುತ್ತಿಗೂ ಜಾಸ್ತಿ ತಿರುಗಬಲ್ಲದು. ಸ್ಪಿಂಡಲ್ ತಿರುಗುವುದು 3ರಿಂದ 10 ಸಾವಿರ.

ಸುತ್ತು ಕಡಿಮೆ ಅಂದಮಾತ್ರಕ್ಕೆ ನಿಧಾನ ಅಲ್ಲ. 125 ಮಿಮೀ ಕಟರ್ 6,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ 39 ಮೀಟರ್ ಓಡುತ್ತದೆ. 12 ಮಿಮೀ ಬಿಟ್ 22,000 ಸುತ್ತಿನಲ್ಲೂ 14 ಮೀಟರ್ ದಾಟುವುದಿಲ್ಲ. ‘ಸ್ಪಿಂಡಲ್‌ಗೇ ಕೊಲೆಟ್ (ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ) ಹಾಕಿ ರೂಟರ್ ಬಿಟ್ ಓಡಿಸಬಹುದಲ್ವಾ?’ ಅನ್ನುವವರಿಗೂ ಉತ್ತರ ಇದರಲ್ಲೇ ಇದೆ. ಓಡಿಸಬಹುದು. ಆದರೆ 10 ಸಾವಿರ ಸುತ್ತಿನಲ್ಲಿ ಸಣ್ಣ ಬಿಟ್‌ನ ಅಂಚಿಗೆ ವೇಗವೇ ಇರುವುದಿಲ್ಲ, ಫಿನಿಶಿಂಗ್ ಒರಟಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಕಡೆ ಕೆಲಸ ಅಂದರೆ ಮೊದಲು ಬಾಗಿಲ ವಾಸ್ಕಲ್. 5 ಇಂಚು ಅಗಲ, 3 ಇಂಚು ದಪ್ಪ, 7 ಅಡಿ ಉದ್ದದ ಎರಡು ಕಂಬ, ಮೇಲೊಂದು ಮೂರೂವರೆ ಅಡಿಯ ಪಟ್ಟಿ. ಬಾಗಿಲು ಕೂರುವುದಕ್ಕೆ ಅರ್ಧ ಇಂಚು ಆಳದ, 35 ಮಿಮೀ ಅಗಲದ ರಿಬೇಟ್, ಅಂದರೆ ಅಂಚಿನುದ್ದಕ್ಕೂ ಮೆಟ್ಟಿಲಿನಂಥ ಕಚ್ಚು, ಹೊಡೆಯಬೇಕು. ಒಂದು ವಾಸ್ಕಲ್‌ಗೆ ಹದಿನೇಳೂವರೆ ಅಡಿ ಆಯಿತು. ಹತ್ತು ಬಾಗಿಲಿನ ಮನೆಗೆ 175 ಅಡಿ.

ರೂಟರ್‌ನಲ್ಲಿ ಅರ್ಧ ಇಂಚನ್ನು ಒಂದೇ ಸಲಕ್ಕೆ ತೆಗೆಯಲು ಹೋಗಬಾರದು. ಒಂದೊಂದು ನೂಲು, ಅಂದರೆ ಸುಮಾರು 3 ಮಿಮೀ, ಫೆನ್ಸ್ (ಮರ ಒರಗಿಸಿ ತಳ್ಳುವ ಅಡ್ಡಪಟ್ಟಿ) ಹಿಂದೆ ಸರಿಸಿ ನಾಲ್ಕು ಸಲ ತಳ್ಳಬೇಕು. ಅಲ್ಲಿಗೆ 700 ಅಡಿ. ಆ 7 ಅಡಿ ಕಂಬ ಹಲಸಿನದಾದರೂ 12 ಕೆಜಿ ಆಸುಪಾಸು ತೂಗುತ್ತದೆ, ಮತ್ತಿಯಾದರೆ ಇನ್ನೂ ಜಾಸ್ತಿ. ಅದನ್ನು ಫೆನ್ಸ್‌ಗೆ ಒತ್ತಿ ಹಿಡಿದು, ಎಲ್ಲೂ ನಿಲ್ಲಿಸದೆ ತಳ್ಳಬೇಕು. ಕೈ ಸೋತು ಒಂದು ಕ್ಷಣ ನಿಂತರೆ ಸಾಕು, ಬಿಟ್ ಅಲ್ಲೇ ಉಜ್ಜಿ ಮರ ಸುಟ್ಟ ವಾಸನೆ ಬರುತ್ತದೆ. ಹಲಸಿನ ಹಳದಿ ಮೈಮೇಲೆ ಬೆರಳಗಲದ ಕಂದು ಗೆರೆ ಬಿದ್ದಿರುತ್ತದೆ. ಅದನ್ನು ಸ್ಯಾಂಡ್‌ಪೇಪರ್‌ನಲ್ಲಿ ತೆಗೆಯುವ ಹೊತ್ತಿಗೆ ಮೂಲೆಯ ನೇರವೇ ಹೋಗಿರುತ್ತದೆ.

ಇದೇ ಕೆಲಸ ಸ್ಪಿಂಡಲ್‌ನಲ್ಲಿ ಒಂದೇ ಪಾಸ್. ರಿಬೇಟ್ ಬ್ಲಾಕ್ ಹಾಕಿ, ಫೀಡರ್ ಇಳಿಸಿದರೆ ಅದರ ರಬ್ಬರ್ ಚಕ್ರಗಳು ಮರವನ್ನು ಒತ್ತಿ ಹಿಡಿದು, ಒಂದೇ ವೇಗದಲ್ಲಿ ಒಳಗೆ ಎಳೆದುಕೊಳ್ಳುತ್ತವೆ. ನಾವು ಈ ಕಡೆ ಕೊಡಬೇಕು, ಆ ಕಡೆ ತಗೊಳ್ಳಬೇಕು, ಅಷ್ಟೇ. ಬಾಗಿಲು, ಕಿಟಕಿ ಆರ್ಡರ್ ತಿಂಗಳು ತಿಂಗಳೂ ಇರುವವರಿಗೆ ರೂಟರ್ ಸಾಕು ಅಂತ ಹೇಳಿದರೆ ನಾನು ಅವರ ಬೆನ್ನುಮೂಳೆಗೆ ಅನ್ಯಾಯ ಮಾಡಿದ ಹಾಗೆ.

ಫೀಡರ್ ಬೇಕೇ ಬೇಕು ಅಂತ ಹಟ ಹಿಡಿಯುವುದಕ್ಕೆ ಕಾರಣ ವೇಗ ಅಲ್ಲ, ಕೈ. ಸ್ಪಿಂಡಲ್ ಕಟರ್ ಗಂಟಿಗೆ ಸಿಕ್ಕಿ ಮರವನ್ನು ಒದ್ದರೆ, ಮರ ಹಿಂದಕ್ಕೆ ಹಾರುತ್ತದೆ. ಮರವನ್ನು ತಳ್ಳುತ್ತಿದ್ದ ಕೈ ಮುಂದಕ್ಕೆ, ಕಟರ್ ಕಡೆಗೇ ಹೋಗುತ್ತದೆ. ರೂಟರ್‌ನ ಬಿಟ್ ಕೂಡ ಬೆರಳು ತೆಗೆಯಬಲ್ಲದು, ಅದನ್ನು ಸಣ್ಣದು ಅಂತ ನಾನು ಹೇಳುತ್ತಿಲ್ಲ. ಆದರೆ ಸ್ಪಿಂಡಲ್‌ನ ತೂಕವೇ ಬೇರೆ, ಮೋಟರ್ ಸೋತು ನಿಲ್ಲುವ ಮಾತೇ ಇಲ್ಲ. ಫೀಡರ್ ಇದ್ದರೆ ಕಟರ್‌ಗೂ ಕೈಗೂ ನಡುವೆ ಒಂದು ಕಬ್ಬಿಣದ ಪೆಟ್ಟಿಗೆ ನಿಂತಿರುತ್ತದೆ. ಇದರ ಜೊತೆಗೆ ಲಿಮಿಟರ್ (ಬ್ಲೇಡಿನ ಕಚ್ಚನ್ನು ತಡೆಯುವ ತುಂಡು) ಇರುವ ಬ್ಲಾಕನ್ನೇ ತಗೊಳ್ಳಿ. ಅದರಲ್ಲಿ ಬ್ಲೇಡ್ ಲಿಮಿಟರ್‌ಗಿಂತ ಬರೀ 1.1 ಮಿಮೀ ಹೊರಗಿರುತ್ತದೆ. ಒಂದೊಂದು ಬ್ಲೇಡೂ ಒಂದು ಸಲಕ್ಕೆ ಅದಕ್ಕಿಂತ ಜಾಸ್ತಿ ಮರವನ್ನು ಕಚ್ಚಲಾರದು, ಹಾಗಾಗಿ ಒದೆತದ ಜೋರೂ ಕಮ್ಮಿ. ಯಾವ ಮಷೀನಾದರೂ ಕೈಗವಸು ಬೇಡ, ಹೆಗಲ ಮೇಲೆ ಟವೆಲ್ ಬೇಡವೇ ಬೇಡ.

ಕರೆಂಟಿನ ವಿಷಯ ತುಂಬಾ ಜನ ಆಮೇಲೆ ಯೋಚಿಸುತ್ತಾರೆ. ಅದನ್ನು ಮೊದಲೇ ಯೋಚಿಸಿ. ದೊಡ್ಡ ರೂಟರ್ ಅಂದರೂ 1,850 ವ್ಯಾಟ್, ಸುಮಾರು 8 ಆಂಪಿಯರ್. ಮನೆಯ ಪವರ್ ಪ್ಲಗ್ಗೇ ಸಾಕು. ದೊಡ್ಡ ಸ್ಪಿಂಡಲ್‌ಗೆ ತ್ರೀ ಫೇಸ್ ಬೇಕು. ಹಾಸನದವರು ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಮಂಜೂರು ಮಾಡಿಸಿಕೊಳ್ಳಬೇಕು. ಆಷಾಢದ ಗಾಳಿಮಳೆಯಲ್ಲಿ ಲೈನ್ ಮೇಲೆ ಕೊಂಬೆ ಬಿದ್ದು ಒಂದು ಫೇಸ್ ಮಾತ್ರ ಹೋಗುವುದು ಮಲೆನಾಡಿನಲ್ಲಿ ಮಾಮೂಲಿ. ಉಳಿದ ಎರಡರಲ್ಲೇ ಮೋಟರ್ ಓಡಲು ಹೋಗಿ ಕಾಯಿಲ್ ಸುಡುತ್ತದೆ. ಪಂಪ್‌ಸೆಟ್ ಇರುವ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಫೇಸ್ ಹೋದ ಕೂಡಲೇ ಮೋಟರ್ ನಿಲ್ಲಿಸುವ, ಪಂಪ್‌ಸೆಟ್ಟಿಗೆ ಹಾಕುವಂಥದ್ದೇ ಪ್ರಿವೆಂಟರ್ ಸ್ಪಿಂಡಲ್‌ಗೂ ಹಾಕಿಸಿ. ಲೈನ್ ರಿಪೇರಿಯಾದ ದಿನ, ಕಟರ್ ಕಟ್ಟುವ ಮೊದಲು, ಖಾಲಿ ಶಾಫ್ಟ್ ಯಾವ ದಿಕ್ಕಿಗೆ ತಿರುಗುತ್ತದೆ ಅಂತ ಒಂದು ಕ್ಷಣ ಆನ್ ಮಾಡಿ ನೋಡಿ. ಎರಡು ವೈರು ಅದಲುಬದಲಾಗಿದ್ದರೆ ಅದು ಉಲ್ಟಾ ತಿರುಗುತ್ತದೆ.

ಹಾಗಂತ ರೂಟರ್ ಟೇಬಲ್ ಬಡವರ ಸ್ಪಿಂಡಲ್ ಅಲ್ಲ. 6 ಮಿಮೀ ಗಾಡಿ (ಮರದುದ್ದಕ್ಕೂ ತೆಗೆಯುವ ಕಿರಿದಾದ ಕಾಲುವೆ), ಡವ್‌ಟೇಲ್, ಮರದ ಕೀಲು ಜೋಡಣೆಗೆ ಬೇಕಾದ ಸಣ್ಣ ತೂತು, ದೇವರ ಮನೆ ಬಾಗಿಲಿನ ಬಿಗಿ ಬಳುಕು, ಇವೆಲ್ಲ ಅದರ ರಾಜ್ಯ. 125 ಮಿಮೀ ಬ್ಲಾಕ್ ಆ ಒಳಬಳುಕಿಗೆ ನುಗ್ಗುವುದೇ ಇಲ್ಲ. ಬೇಕೆಂದಾಗ ರೂಟರನ್ನು ಬಿಚ್ಚಿ ಕೈಯಲ್ಲಿ ಹಿಡಿದು ಸೈಟಿಗೂ ಒಯ್ಯಬಹುದು. ತೋಟದ ಮನೆಯವರಿಗೆ, ಟೀಪಾಯಿ, ಫೋಟೋ ಫ್ರೇಮ್, ಬೀರು ಬಾಗಿಲು ಮಾಡುವವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಒಂದೇ ಎಚ್ಚರ: ಅದರ ಮೋಟರ್‌ನಲ್ಲಿ ಕಾರ್ಬನ್ ಬ್ರಷ್ ಇರುತ್ತದೆ, ತಲೆಕೆಳಗಾಗಿ ಇರುವುದರಿಂದ ಮರದ ಹೊಟ್ಟು ಎಲ್ಲ ಒಳಗೇ ಬೀಳುತ್ತದೆ. ದಿನಾ ಊದಿ ತೆಗೆಯಿರಿ. ಸಿಲ್ವರ್ ಓಕ್ ಹೊಟ್ಟು ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಬಂದರೆ ತುಂಬುತೋಳಿನ ಅಂಗಿ, ಮಾಸ್ಕ್ ಹಾಕಿಕೊಳ್ಳಿ.

ರೂಟರ್ ತಗೊಳ್ಳುವಾಗ ಸ್ಪೀಡ್ ಡಯಲ್ ಇರುವುದನ್ನೇ ಕೇಳಿ. ಬಾಗಿಲಿನ ಪ್ಯಾನಲ್ ಹಲಗೆಯ ಅಂಚನ್ನು ಇಳಿಜಾರಾಗಿ ಕೆತ್ತುವ 80 ಮಿಮೀ ಬಿಟ್‌ಗಳನ್ನು 10 ಸಾವಿರ ಸುತ್ತಿನ ಆಸುಪಾಸಿಗೆ ಇಳಿಸಿಯೇ ಓಡಿಸಬೇಕು. ಪೂರ್ತಿ ಸ್ಪೀಡಿನಲ್ಲಿ ಓಡಿಸುವುದು ಅಪಾಯ. ಮತ್ತೆ ಕೊಲೆಟ್ ಅಳತೆ ಬರೆದುಕೊಂಡು ಹೋಗಿ. 12 ಮಿಮೀ ಬೇರೆ, ಅರ್ಧ ಇಂಚು ಬೇರೆ. ಅರ್ಧ ಇಂಚು ಅಂದರೆ 12.7 ಮಿಮೀ. ಅರ್ಧ ಇಂಚಿನ ಕೊಲೆಟ್‌ಗೆ 12 ಮಿಮೀ ಬಿಟ್ ಹಾಕಿ ಎಷ್ಟು ಬಿಗಿದರೂ ಅದು ಸರಿಯಾಗಿ ಕೂರುವುದಿಲ್ಲ, ಓಡುವಾಗ ಜಾರುತ್ತದೆ. ಅಂಗಡಿಯವರು ‘ಎರಡೂ ಒಂದೇ’ ಅಂದರೆ ಕ್ಯಾಲಿಪರ್ ಕೇಳಿ, ಅಲ್ಲೇ ಅಳೆದು ನೋಡಿ.